ಬುದ್ಧನ ಹೆಗಲ ಮೇಲಿನ ಹೂವು

ವಿಹಾರ, ಗುಲ್ಬರ್ಗ
10-1-1975

ಆಯುಷ್ಮಾನ್ ಓಬಳೇಶನಿಗೆ ಆಶೀರ್ವಾದಗಳು.

ದೀಪಾವಳಿಗೆ ಮುಂಚೆ ನೀನು ಬರೆದದ್ದೇ ಕೊನೆ, ಆಮೇಲೆ ಪತ್ರವಿಲ್ಲ. ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಕೆಲಸ ಹೆಚ್ಚಿರಬೇಕು ಎಂದುಕೊಂಡಿದ್ದೇನೆ.

ಈ ಮೇ ತಿಂಗಳಲ್ಲಿ ನಾಗಪುರದಲ್ಲಿ ಒಂದು ಸಭೆ ಇದೆ. ಬರುವ ಕಾಲದಲ್ಲಿ ಬೌದ್ಧ ಆಚರಣೆ ಹೇಗೆ ಉಳಿದೀತು ಎಂಬುದು ವಿಷಯ. ನಮ್ಮ ಕಡೆಯ ಹಳ್ಳಿಗಳ ಬಗ್ಗೆ ನಾನು ಮಾತಾಡಬೇಕಾಗಿದೆ. ಚಿಕ್ಕಜಾಜೂರಿನ ಕೇರಿಯಲ್ಲಿ ನೀನು ನಿಂತು ಕಟ್ಟಿಸಿದ ಬುದ್ಧನ ಮನೆಯ ಬಗ್ಗೆ ಹೇಳುವುದು ನನಗೆ ಹೆಮ್ಮೆ. ಇಷ್ಟು ತಿಳಿಸು: ಭಾನುವಾರದ ವಂದನೆಗೆ ಜನ ಬರುತ್ತಾರೆಯೆ? ಧ್ಯಾನ ಮಾಡುತ್ತಾರೆಯೆ? ಹಳೆಯ ದೇವರು, ಹರಕೆ, ಬಲಿ ಎಲ್ಲ ಬಿಟ್ಟಿದ್ದಾರೆಯೆ? ಇನ್ನು ಇಪ್ಪತ್ತೈದು ವರ್ಷಕ್ಕೆ ಅಲ್ಲಿ ಧಮ್ಮ ಇರಬೇಕಾದರೆ ಏನು ಬೇಕು?

ನಾನು ಕೇಳಿದೆನೆಂದು ತಾಯಿಗೆ ಹೇಳು. ತಂದೆಗೆ ಹೇಳಬೇಡ. ನಿನ್ನನ್ನು ನಾಗಪುರಕ್ಕೆ ದೀಕ್ಷೆಗೆ ಕರೆದುಕೊಂಡು ಹೋದದ್ದಕ್ಕೆ ಅವನು ನನ್ನ ಮೂರು ಪತ್ರ ಒಡೆಯದೆ ಹಿಂದಕ್ಕೆ ಕಳಿಸಿದ್ದಾನೆ. ನಾಲ್ಕನೆಯದರ ಅಂಚೆಚೀಟಿ ಏಕೆ ದಂಡ?

ಭಿಕ್ಷು ಸೀಲರತನ
(ನಿಮ್ಮ ತಿಮ್ಮರಾಯಪ್ಪ ಮೇಷ್ಟ್ರು)

—

ಚಿಕ್ಕಜಾಜೂರು
27-1-1975

ತಿಮ್ಮರಾಯಪ್ಪನಿಗೆ,

ಕಾವಿ ಹಾಕಿದವರಿಗೆ ಭಂತೇಜಿ ಎಂದು ಬರೆಯಬೇಕಂತೆ. ನಿನ್ನ ಜೊತೆ ಗುಡ್ಡದಲ್ಲಿ ಸೀತಾಫಲ ಕದ್ದು, ಒಂದೇ ಟವಲಿನಲ್ಲಿ ಕಟ್ಟಿಕೊಂಡು ಓಡಿದ ಕೈ ಇದು. ಆ ಪದ ಬರೆಯುವುದಿಲ್ಲ ಎನ್ನುತ್ತದೆ. ಹಳೆಯ ಹೆಸರೇ ಇರಲಿ.

ಇಲ್ಲಿ ಎಲ್ಲರೂ ಕ್ಷೇಮ ಎಂಬ ಸಾಲೊಂದು ಮೊದಲಲ್ಲಿ ಇರಬೇಕು. ಅದನ್ನು ಬಿಟ್ಟಿದ್ದೇನೆ. ನೀನು ಆಯುಷ್ಮಾನ್ ಎಂದು ಬರೆದಿರುವ ನನ್ನ ಮಗ ದೀಪಾವಳಿ ಕಳೆದ ವಾರಕ್ಕೆ ತೀರಿಕೊಂಡ. ಕಾಮಾಲೆ. ಮೊದಲು ಕಣ್ಣು ಹಳದಿಯಾಯಿತು, ಆಮೇಲೆ ಉಗುರು, ಆಮೇಲೆ ಮಾತು ತೊದಲಿತು. ಸೊಪ್ಪಿನ ಔಷಧಿ ಆಯಿತು, ದಾವಣಗೆರೆ ಆಸ್ಪತ್ರೆಯೂ ಆಯಿತು. ನಿನಗೆ ತಿಳಿಸಬಾರದು ಎಂದೇನಿರಲಿಲ್ಲ. ತಿಳಿಸಬೇಕೆಂಬುದು ನೆನಪಿಗೆ ಬರಲಿಲ್ಲ. ಆ ದಿನಗಳಲ್ಲಿ ಬನಿಯನ್ನು ತಿರುಗುಮುರುಗಾಗಿ ಹಾಕಿಕೊಂಡು ಗೂಡ್ಸ್ ಶೆಡ್ಡಿಗೆ ಹೋಗಿ ಸಂಜೆಯವರೆಗೆ ಅದಿರು ತುಂಬಿಸಿ ಬಂದಿದ್ದೇನೆ. ಯಾರೂ ಹೇಳಲಿಲ್ಲ. ಮೇಸ್ತ್ರಿಗೆ ಯಾರು ಹೇಳುತ್ತಾರೆ?

ನಾನು ಅಕ್ಷರ ಕಲಿತದ್ದು ವ್ಯಾಗನ್ನಿಗೆ ಅಂಟಿಸುವ ಚೀಟಿ ನೋಡಿ. ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಒಳಗೆ ಏನಿದೆ ಎಂಬುದರಾಚೆಗೆ ನನ್ನ ಓದು ಇಲ್ಲ. ನಿನ್ನ ಪ್ರಶ್ನೆಗಳಿಗೆ ಹಾಗೇ ಉತ್ತರ ಕೊಡುತ್ತೇನೆ. ಜನ ಬರುತ್ತಾರೆಯೆ ಎಂದರೆ, ಓಬಳೇಶ ಇರುವ ತನಕ ಮನೆ ತುಂಬ ಬರುತ್ತಿದ್ದರು. ಈಗ ಅವನ ತಾಯಿ ಮುದ್ದಕ್ಕ ಒಬ್ಬಳು ಹೋಗುತ್ತಾಳೆ. ಧ್ಯಾನ ಎಂದರೆ, ಅಲ್ಲಿ ಕಣ್ಣು ಮುಚ್ಚಿ ಕೂತವರಲ್ಲಿ ಅರ್ಧಕ್ಕರ್ಧ ನನ್ನ ಕೂಲಿಯವರು. ವಾರವಿಡೀ ಬುಟ್ಟಿ ಹೊತ್ತವರು ಭಾನುವಾರ ಕಣ್ಣು ಮುಚ್ಚಿದರೆ ಅದನ್ನು ಏನೆಂದು ಬರೆದುಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು. ಹಳೆಯ ದೇವರನ್ನು ಬಿಟ್ಟಿದ್ದರು. ಈಗ ಮತ್ತೆ ನೆನಪಿಸಿಕೊಳ್ಳುತ್ತಿದ್ದಾರೆ.

ಇಪ್ಪತ್ತೈದು ವರ್ಷದ ಪ್ರಶ್ನೆಯನ್ನು ಹಾಗೇ ಬಿಟ್ಟಿದ್ದೇನೆ. ಅವನ ವಯಸ್ಸೇ ಇಪ್ಪತ್ತಾರು.

ಅಂಜನಪ್ಪ

—

ಗುಲ್ಬರ್ಗ
6-2-1975

ಅಂಜನಪ್ಪ,

ಪತ್ರ ತಲುಪಿತು. ಇಂಥ ಹೊತ್ತಿನಲ್ಲಿ ಹೇಳುವುದಕ್ಕೆಂದೇ ಕಲಿತ ಮಾತುಗಳು ನನ್ನ ಹತ್ತಿರ ಇವೆ. ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ನಿನಗೆ ಬರೆಯಲು ಕೂತು ನಾಲ್ಕು ದಿನವಾಯಿತು.

ಮುದ್ದಕ್ಕ ಹೇಗಿದ್ದಾಳೆ? ಬುದ್ಧನ ಮನೆ ಏನಾಗುತ್ತದೆ? ಅಷ್ಟನ್ನಾದರೂ ಬರೆ.

ಸೀಲರತನ

—

ಚಿಕ್ಕಜಾಜೂರು
16-3-1975

ತಿಮ್ಮರಾಯಪ್ಪ,

ಮುದ್ದಕ್ಕ ಹೇಗಿದ್ದಾಳೆ ಎಂದು ಕೇಳಿದ್ದೆ. ಇದ್ದಾಳೆ. ಬೆಳಿಗ್ಗೆ ಏಳುತ್ತಾಳೆ, ನೀರು ತರುತ್ತಾಳೆ, ಮುದ್ದೆ ಕಟ್ಟಿ ತಟ್ಟೆಗೆ ಹಾಕುತ್ತಾಳೆ, ಸಾರು ಬಿಟ್ಟು ಸಾಕೇ ಎಂದು ಕಣ್ಣಲ್ಲೇ ಕೇಳುತ್ತಾಳೆ. ಬಾಯಿಂದ ಕೇಳುವುದಿಲ್ಲ. ಮಗನನ್ನು ಮಣ್ಣು ಮಾಡಿ ಬಂದ ದಿನದಿಂದ ಮನೆಯಲ್ಲಿ ಅವಳು ಮಾತಾಡಿಲ್ಲ. ಮೊದಲು ನಾನು ಬೈದೆ, ಆಮೇಲೆ ಗೋಗರೆದೆ, ಈಗ ಅಭ್ಯಾಸವಾಗಿದೆ. ಇಬ್ಬರು ಇರುವ ಮನೆಯಲ್ಲಿ ಒಬ್ಬನೇ ಮಾತಾಡುತ್ತಿದ್ದರೆ ಸ್ವಲ್ಪ ದಿನಕ್ಕೆ ಅವನ ಮಾತೂ ಸವೆಯುತ್ತದೆ. ಊರೆಲ್ಲ ನನ್ನನ್ನು ಬಾಯಿಬಡುಕ ಮೇಸ್ತ್ರಿ ಎನ್ನುತ್ತಾರೆ. ಮನೆಗೆ ಬಂದು ನೋಡಬೇಕು ಅವರು.

ಆದರೆ ಭಾನುವಾರ ಬುದ್ಧನ ಮನೆಗೆ ಹೋಗುತ್ತಾಳೆ. ಕಸ ಹೊಡೆದು, ದೀಪ ಹಚ್ಚಿ, ಒಬ್ಬಳೇ ಕೂತು, ಓಬಳೇಶ ಕೇರಿಗೆಲ್ಲ ಕಲಿಸಿದನಲ್ಲ, ಆ ಮೂರು ಸರಣ ಐದು ಶೀಲವನ್ನು ಹೇಳುತ್ತಾಳೆ. ಗಟ್ಟಿಯಾಗಿ ಹೇಳುತ್ತಾಳೆ, ತಿಮ್ಮರಾಯಪ್ಪ. ಓದು ಬಾರದವಳು, ಕಿವಿಯಲ್ಲೇ ಕಲಿತದ್ದು. ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದನೋ ಅಲ್ಲೇ ಉಸಿರು ತೆಗೆದುಕೊಳ್ಳುತ್ತಾಳೆ. ನನಗೆ ಹೇಗೆ ಗೊತ್ತು ಎಂದರೆ, ನಾನು ಹೊರಗೆ ಗೋಡೆಯ ಹಿಂದೆ ಬೀಡಿ ಸೇದುತ್ತಾ ನಿಂತಿರುತ್ತೇನೆ. ಯಾರಾದರೂ ಬಂದರೆ ಗೋಡೆಯ ಬಿರುಕು ನೋಡುತ್ತಿರುವವನಂತೆ ಬೆರಳಿಂದ ಕೆರೆಯುತ್ತೇನೆ. ಕೆರೆದೂ ಕೆರೆದೂ ಈಗ ನಿಜವಾಗಿಯೂ ಒಂದು ಬಿರುಕಾಗಿದೆ.

ವಾರಕ್ಕೊಮ್ಮೆ ಹೆಂಡತಿಯ ದನಿ ಕೇಳುವ ಜಾಗ ಅದೊಂದೇ. ಈಗ ಅದೇ ಹೋಗುವ ಹಾಗಿದೆ.

ಹೋದ ಮಳೆಗಾಲದಲ್ಲಿ ಬೇವಿನ ಮರದ ಕೆಳಗಿನ ಮಾರಮ್ಮನ ಗುಡಿ ಕುಸಿಯಿತು. ಪೂಜಾರಿ ಕಾಟಲಿಂಗಪ್ಪ ಅಮ್ಮನನ್ನು ತಂದು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಮೊನ್ನೆ ಟೀ ಅಂಗಡಿಯಲ್ಲಿ ಎದುರು ಬಂದು ಕೂತ.

"ಅಂಜಣ್ಣ, ಒಂದ್ ಮಾತು. ಬ್ಯಾಸ್ರ ಮಾಡ್ಕಬ್ಯಾಡ."

"ಹೇಳಪ್ಪ. ಬ್ಯಾಸ್ರ ಮಾಡ್ಕಳಾಕೂ ಮೈಯಾಗೆ ಕಸುವು ಇರ್ಬೇಕಲ್ಲ."

"ತಾಯಿ ನಮ್ ಮನೆ ಮೂಲ್ಯಾಗೆ ಈರುಳ್ಳಿ ಚೀಲದ ಪಕ್ಕ ಕುಂತವ್ಳೆ. ನಿಮ್ ಬುದ್ಧಪ್ಪ ನೋಡಿದ್ರೆ ಹೆಂಚಿನ ಮನ್ಯಾಗೆ ಒಬ್ನೇ ಕಾಲು ಮಡಿಸ್ಕಂಡು ಕುಂತವ್ನೆ. ಇದು ನ್ಯಾಯಾನಾ?"

"ಬಾಡಿಗೆ ಏನು ಕೊಡ್ತಾನೆ ಅಂತ ನಾನೂ ಓಬಳೇಶನ್ನ ಕೇಳಿದ್ದೆ."

ಅವನು ನಗಲಿಲ್ಲ. ನಮ್ಮ ಪಕ್ಕದ ಮನೆಯ ಕಾಟಮ್ಮ ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದಳು, "ತಾಯೀನ ಬಿಟ್ರು, ಹರಕೆ ಬಿಟ್ರು. ಹುಡುಗ ಹಾಸಿಗೆ ಹಿಡಿದಾಗ್ಲೂ ಒಂದ್ ಕೋಳಿ ಹರಕೆ ಹೊರಾಕೆ ಅವ್ನೇ ಬಿಡ್ಲಿಲ್ಲ. ತಾಯಿ ಸುಮ್ನೆ ಬಿಡ್ತಾಳಾ?" ಆಮೇಲೆ ನನ್ನ ಮುಖ ನೋಡಿ, "ನಾನೇನು ನಿನ್ನಂದಿಲ್ಲ ಬಿಡಣ್ಣ" ಎಂದು ಹೋದಳು.

ಆ ಮನೆಗೆ ಕಲ್ಲು ಹೊತ್ತದ್ದು ಇಡೀ ಕೇರಿ, ನಾನೊಬ್ಬ ಕೊಡುವುದಿಲ್ಲ ಎಂದರೆ ಆಗುವುದಿಲ್ಲ. ಕಾಟಲಿಂಗಪ್ಪ ಒಂದು ದಾರಿ ತೋರಿಸಿದ್ದಾನೆ. ನಾವು ಹುಡುಗರಾಗಿದ್ದಾಗ ಮಾರಮ್ಮನ ಗುಡಿಯಲ್ಲಿ ಹೂವು ಕೇಳುತ್ತಿದ್ದರಲ್ಲ, ದೇವರ ಎರಡೂ ಹೆಗಲಿಗೆ ಒದ್ದೆ ಹೂವು ಅಂಟಿಸಿ ಕಾಯುವುದು, ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಬುದ್ಧನನ್ನೇ ಹಾಗೆ ಕೇಳಿಬಿಡೋಣ ಎನ್ನುತ್ತಾನೆ. ಬಲ ಬಿದ್ದರೆ ಅವನು ಇರಲಿ, ಎಡ ಬಿದ್ದರೆ ಮನೆ ಮಾರಮ್ಮನಿಗೆ. ಕೇರಿಯೆಲ್ಲ ಒಪ್ಪಿದೆ. ನಾನೂ ಒಪ್ಪಿದ್ದೇನೆ.

ಅಂಜನಪ್ಪ

—

ಗುಲ್ಬರ್ಗ
28-3-1975

ಅಂಜನಪ್ಪ,

ನೀನು ಹೇಗೆ ಒಪ್ಪಿದೆ?

ಬುದ್ಧ ದೇವರಲ್ಲ. ಕೇಳಿದ್ದಕ್ಕೆ ಹೌದು, ಇಲ್ಲ ಎನ್ನಲು ಅವನು ಅಲ್ಲಿ ಕೂತಿಲ್ಲ. ನಿನ್ನ ಮಗ ಇದನ್ನೇ ಕೇರಿಗೆ ತಿಳಿಹೇಳುತ್ತಾ ನಾಲ್ಕು ವರ್ಷ ಗಂಟಲು ಹರಿದುಕೊಂಡ. ಸತ್ತವರ ಮನೆಯ ಮುಂದೆ ಊರಿನವರಿಗಾಗಿ ತಮಟೆ ಬಡಿಯುವುದನ್ನು ನಿಮ್ಮ ಕೇರಿ ಬಿಟ್ಟದ್ದು ಆ ಮನೆಯಲ್ಲಿ ಕೂತು ಮಾತಾಡಿದ ಮೇಲೆ. ಅದೇ ಮನೆಯಲ್ಲಿ, ಅವನು ತಂದು ಕೂರಿಸಿದ ಮೂರ್ತಿಯ ಹೆಗಲಿಗೆ ಹೂವು ಅಂಟಿಸಿ ಕಾಯುತ್ತೀರಾ? ಮನೆಯನ್ನು ಮಾರಮ್ಮನಿಗೇ ಕೊಟ್ಟುಬಿಡಿ. ಅದಕ್ಕಿಂತ ಅದು ಮೇಲು. ಕಲ್ಲು ಗೋಡೆ ಹೋದರೆ ಇನ್ನೊಂದು ಕಟ್ಟಬಹುದು.

ಹೀಗೆಲ್ಲ ಬರೆದೆ. ಓದಿ ನೋಡಿದರೆ ಸಭೆಯಲ್ಲಿ ಮಾತಾಡಿದಂತಿದೆ. ಆದರೂ ಇದೇ ನನ್ನ ಮಾತು.

ಸೀಲರತನ

—

ಚಿಕ್ಕಜಾಜೂರು
22-4-1975

ತಿಮ್ಮರಾಯಪ್ಪ,

ಮೊನ್ನೆ ಭಾನುವಾರ ಹೂವು ಕೇಳಿದ್ದಾಯಿತು.

ನಾನು ಹೇಗೆ ಒಪ್ಪಿದೆ ಎಂದು ಕೇಳಿದ್ದೆ. ಕೂಲಿಯಿಂದ ಮೇಸ್ತ್ರಿಯಾದವನು ಯಾವುದನ್ನೂ ಸುಮ್ಮನೆ ಒಪ್ಪುವುದಿಲ್ಲ. ಒದ್ದೆ ಹೂವು ಏಕೆ ಬೀಳುತ್ತದೆ? ನೀರು ಆರಿದಾಗ ಬೀಳುತ್ತದೆ. ಯಾವ ಹೂವು ಮೊದಲು ಬೀಳುತ್ತದೆ? ಗಾಳಿ ಬಡಿದದ್ದು. ಮಾರಮ್ಮನ ಗುಡಿಯಲ್ಲಿ ಕಿಂಡಿ ಯಾವ ಕಡೆ ಇತ್ತು, ನಿನಗೆ ನೆನಪಿದೆಯೆ? ಬಲಗಡೆ. ಆ ತಾಯಿ ನಮ್ಮ ಕಾಲದಲ್ಲಿ ಯಾರಿಗೂ ಇಲ್ಲ ಎಂದದ್ದೇ ನನಗೆ ನೆನಪಿಲ್ಲ. ಬುದ್ಧನ ಮನೆಗೆ ಎರಡೂ ಕಡೆ ಕಿಟಕಿ. ಶನಿವಾರವೇ ಹೋಗಿ ಅವನ ಎಡಗಡೆಯ ಕಿಟಕಿಗೆ, ಗೆದ್ದಲು ಹಿಡಿದಿದೆ ಎಂದು ಹೇಳಿ, ಹಲಗೆ ಬಡಿದು ಬಂದೆ. ಬಲಗಡೆಯದನ್ನು ಪೂರ್ತಿ ತೆರೆದಿಟ್ಟೆ. ಏಪ್ರಿಲ್ ಬಿಸಿಲಿನ ಗಾಳಿ. ಅರ್ಧ ಗಂಟೆಯ ಕೆಲಸ ಎಂದು ನನ್ನ ಅಂದಾಜು.

ಇಡೀ ಕೇರಿ ಬಂದಿತ್ತು. ಓಬಳೇಶ ಇದ್ದಾಗಲೂ ಅಷ್ಟು ಜನ ಬಂದದ್ದಿಲ್ಲ. ಕಾಟಲಿಂಗಪ್ಪ ಮಡಿ ಉಟ್ಟು ಬಂದ. ಆದರೆ ಹೂವು ಇಡುವ ಹೊತ್ತಿಗೆ ಹಿಂದೆ ಸರಿದ.

"ಇವ್ನ ಪದ್ಧತಿ ನನಗೊತ್ತಿಲ್ಲ. ಮುಟ್ಟಿ ನಾಳೆ ಏನಾರ ಆದ್ರೆ ನನ್ ತಲೆ ಮ್ಯಾಲೆ ಬರ್ತದೆ. ಮನೆಯೋರೇ ಇಡ್ಲಿ."

ಮುದ್ದಕ್ಕ ಎದ್ದಳು. ಮೂರ್ತಿಯನ್ನು ಬಟ್ಟೆಯಿಂದ ಒರೆಸಿದಳು. ತಾನು ತಂದಿದ್ದ ಹಿತ್ತಾಳೆ ಚೊಂಬಿನಲ್ಲಿ ಎರಡು ಕಣಗಿಲೆ ಹೂವು ಅದ್ದಿ, ಬಲ ಹೆಗಲಿಗೊಂದು ಎಡ ಹೆಗಲಿಗೊಂದು ಇಟ್ಟು ಬಂದು ಕೂತಳು. ನಿನಗೆ ಗೊತ್ತಲ್ಲ, ಆ ಬುದ್ಧನನ್ನು ಮಾಡಿದವನು ಹಿರಿಯೂರಿನ ಗಾರೆ ಕೆಲಸದವನು. ಹುಟ್ಟಿದಾರಭ್ಯ ಆಂಜನೇಯನನ್ನೇ ಮಾಡಿ ರೂಢಿ. ಇವನಿಗೂ ಗರಡಿ ಆಳಿನ ಹೆಗಲೇ ಬಂದುಬಿಟ್ಟಿದೆ.

ಎಲ್ಲರೂ ನೋಡುತ್ತಾ ಕೂತೆವು. ಅರ್ಧ ಗಂಟೆ ಹೋಯಿತು. ಗಾಳಿ ಬರುತ್ತಿತ್ತು, ಬಲಗಡೆಯ ಹೂವಿನ ದಳ ಅಲುಗುತ್ತಿತ್ತು. ಬೀಳಲಿಲ್ಲ. ಹುಬ್ಬಳ್ಳಿ ಕಡೆಯ ಗಾಡಿ ಹೋಯಿತು, ನೆಲ ಅದುರಿತು, ಬೀಳಲಿಲ್ಲ. ಮಕ್ಕಳು ಆಕಳಿಸಿದವು. ಹೆಂಗಸರು ಮನೆಗೆ ಹೋಗಿ ಒಲೆ ಹಚ್ಚಿಟ್ಟು ಮತ್ತೆ ಬಂದರು. ಹೊತ್ತು ಮುಳುಗಿತು.

ಕಾಟಮ್ಮ ಹೇಳಿದಳು, "ಇದೂ ಮುದ್ದಕ್ಕನಂಗೇ ಐತೆ. ಬಾಯಿ ಇದ್ದೂ ಮಾತಿಲ್ಲ."

ಕಾಟಲಿಂಗಪ್ಪ ಎದ್ದು ಪಂಚೆ ಕೊಡವಿದ. "ಇಂಥ ಗಟ್ಟಿ ಆಸಾಮೀನ ನಾನು ಕಂಡಿಲ್ಲ. ಕೇಳಿದ್ ಮ್ಯಾಲೆ ಹೇಳೋಗಂಟ ಕಾಯ್ಬೇಕು. ನಡುವೆ ನಾವೇ ತೀರ್ಮಾನ ಮಾಡಿದ್ರೆ ಅವ್ನಿಗಲ್ಲ, ನಮ್ ತಾಯಿಗೇ ಸಿಟ್ಟು ಬರ್ತದೆ. ಬರೋ ಭಾನುವಾರ ನೋಡಾಣ. ಹೋಗಾಣ ನಡೀರಿ."

ಹಾಗಾಗಿ ಮನೆ ಸದ್ಯಕ್ಕೆ ಯಾರದೂ ಅಲ್ಲ. ಹಲಗೆ ಬಡಿದದ್ದು ದಂಡ.

ಅಂಜನಪ್ಪ

—

ಗುಲ್ಬರ್ಗ
3-5-1975

ಅಂಜನಪ್ಪ,

ಓದಿದೆ. ಸಿಟ್ಟಿನಲ್ಲಿ ಓದಲು ಶುರು ಮಾಡಿದ್ದು, ಕೊನೆಯ ಹೊತ್ತಿಗೆ ಹೂವು ಬಿತ್ತೋ ಇಲ್ಲವೋ ಎಂದು ಸಾಲು ದಾಟಿಸಿಕೊಂಡು ಓದುತ್ತಿದ್ದೆ. ಭಿಕ್ಷುವಿಗೆ ಇದು ಒಪ್ಪುವ ಕೆಲಸವಲ್ಲ.

ಒದ್ದೆ ಹೂವು ಬೀಳದೆ ಇರುವುದಿಲ್ಲ. ನೀನು ಕಾರಣ ಹುಡುಕದೆ ಬಿಡುವವನೂ ಅಲ್ಲ.

ನಾನು ಈ ತಿಂಗಳ ನಡುವೆ ನಾಗಪುರಕ್ಕೆ ಹೊರಡುತ್ತೇನೆ. ಪ್ರಬಂಧ ಇನ್ನೂ ಮುಗಿದಿಲ್ಲ.

ಸೀಲರತನ

—

ಚಿಕ್ಕಜಾಜೂರು
28-5-1975

ತಿಮ್ಮರಾಯಪ್ಪ,

ಕಾರಣ ಸಿಕ್ಕಿದೆ. ನಾನು ಹುಡುಕಲಿಲ್ಲ, ಅದೇ ಕೈಗೆ ಅಂಟಿಕೊಂಡಿತು.

ಹೋದ ವಾರ ನೀರು ಕುಡಿಯಲು ಗೂಡಿನಿಂದ ಹಿತ್ತಾಳೆ ಚೊಂಬು ತೆಗೆದೆ. ಒಳಗೆಲ್ಲ ಜಿಗುಟು. ಅದರ ಪಕ್ಕದಲ್ಲಿ ಒಂದು ತೆಂಗಿನ ಕರಟ. ಓಬಳೇಶ ಬುದ್ಧನ ಮನೆಯ ಗೋಡೆಗೆ ಚಿತ್ರ ಅಂಟಿಸಲು ಜಾಲಿ ಮರದ ಅಂಟು ತಂದು ಆ ಕರಟದಲ್ಲಿ ನೆನೆಸಿಡುತ್ತಿದ್ದ. ಅವನು ಹೋದ ಮೇಲೆ ಅದು ಒಣಗಿ ಕಲ್ಲಾಗಿ ಬಿದ್ದಿತ್ತು, ನಾನೇ ಎಷ್ಟೋ ಸಲ ನೋಡಿದ್ದೆ. ಈಗ ಹೊಸದಾಗಿ ನೆನೆದಿತ್ತು.

ಅವತ್ತು ಅವಳು ಹೂವು ಅದ್ದಿದ್ದು ನೀರಲ್ಲಿ ಅಲ್ಲ. ಇಡೀ ಕೇರಿಯ ಎದುರಿಗೆ, ಪೂಜಾರಿಯ ಎದುರಿಗೆ, ಮೂವತ್ತು ವರ್ಷ ಕಣ್ಣಳತೆಯಲ್ಲೇ ಅದಿರಿನ ತೂಕ ಹೇಳಿದ ಗಂಡನ ಎದುರಿಗೆ. ಮಾತಿಲ್ಲದವರನ್ನು ಯಾರೂ ಅನುಮಾನಿಸುವುದಿಲ್ಲ.

ಬಲಗಡೆಯದನ್ನು ಸುಮ್ಮನೆ ಬಿಟ್ಟು ಎಡಗಡೆಯದೊಂದಕ್ಕೇ ಅಂಟು ಹಚ್ಚಿದ್ದರೆ ಅವಳೇ ಗೆಲ್ಲುತ್ತಿದ್ದಳು. ಎರಡಕ್ಕೂ ಹಚ್ಚಿದ್ದಾಳೆ. ಇದು ನನ್ನ ಲೆಕ್ಕಕ್ಕೆ ಮೊದಲು ಹತ್ತಲಿಲ್ಲ. ಕೇಳೋಣ ಎಂದು ಕರಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ಒಲೆ ಊದುತ್ತಿದ್ದವಳು ತಿರುಗಿ, ಕರಟ ನೋಡಿ, ನನ್ನ ಮುಖ ನೋಡಿ, ಮತ್ತೆ ಊದತೊಡಗಿದಳು. ಕರಟವನ್ನು ಇದ್ದ ಜಾಗದಲ್ಲೇ ಇಟ್ಟು ಬಂದೆ.

ಇನ್ನು ನಿನ್ನ ಸಭೆಗೆ ಬೇಕಾದದ್ದು, ಸಭೆ ಮುಗಿದ ಮೇಲೆ ಕೊಡುತ್ತಿದ್ದೇನೆ. ಅವತ್ತಿನಿಂದ ಪ್ರತಿ ಭಾನುವಾರ ಜನ ಬರುತ್ತಿದ್ದಾರೆ. ಬರುವುದು ಹೂವು ಬಿತ್ತೇ ಎಂದು ನೋಡಲು. ಬಾಗಿಲಲ್ಲಿ ಇಣುಕುತ್ತಾರೆ, ಬಿದ್ದಿಲ್ಲ. ಬಂದವರು ಬಂದಾಯಿತಲ್ಲ ಎಂದು ಕೂರುತ್ತಾರೆ. ಕೂತರೆ ಕಣ್ಣು ಹೂವಿನ ಮೇಲೆ. ಪಿಸುಮಾತೂ ಇಲ್ಲ, ಎಲ್ಲಿ ಮಾತಿನ ಉಸಿರು ತಾಗಿ ಬಿದ್ದುಬಿಡುತ್ತದೋ ಎಂದು. ಹಾಗೆ ಬಹಳ ಹೊತ್ತು ಕೂರುತ್ತಾರೆ. ಆಮೇಲೆ ಮುದ್ದಕ್ಕ ಶುರು ಮಾಡುತ್ತಾಳೆ, ಬಾಯಿ ಸುಮ್ಮನಿರಲಾರದೆ ಅವರೂ ದನಿಗೂಡಿಸುತ್ತಾರೆ. ಕಾಟಮ್ಮ ಎಲ್ಲರಿಗಿಂತ ಜೋರು. ಕಾಟಲಿಂಗಪ್ಪನೂ ಬರುತ್ತಾನೆ, ಬಾಗಿಲ ಹೊರಗೆ ಕೂರುತ್ತಾನೆ. "ನಾನು ಕೈ ಮುಗಿಯಾಕೆ ಬಂದಿಲ್ಲ ಕಣಣ್ಣ, ಪಂಚಾಯ್ತಿ ನಂದಲ್ವಾ, ಸಾಕ್ಷಿಗಿರ್ಬೇಕು" ಎನ್ನುತ್ತಾನೆ. ಅವನ ತುಟಿ ಆಡುವುದನ್ನು ನಾನು ನೋಡಿದ್ದೇನೆ.

ಮೊನ್ನೆ ವೈಶಾಖ ಹುಣ್ಣಿಮೆ ಭಾನುವಾರವೇ ಬಿತ್ತು. ಯಾರೂ ಹೇಳದೆ ಕೇರಿಯವರೇ ಪಾಯಸ ಮಾಡಿದರು. ನನಗೂ ಒಂದು ಲೋಟ ಗೋಡೆಯ ಹಿಂದಕ್ಕೆ ಕಳಿಸಿದ್ದರು. ಅಂದರೆ ಎಲ್ಲರಿಗೂ ಗೊತ್ತಿತ್ತು. ಕುಡಿದೆ. ಬೆಲ್ಲ ಹಾಕಿದ್ದರು, ರುಚಿ ತಿಳಿಯಲಿಲ್ಲ. ನವೆಂಬರಿನಿಂದ ಯಾವುದರ ರುಚಿಯೂ ತಿಳಿಯುತ್ತಿಲ್ಲ.

ಅಂಟಿನ ಸಂಗತಿ ನಿನಗೊಬ್ಬನಿಗೇ ಬರೆದಿದ್ದೇನೆ. ಈಗ ನೀನು ಹೇಳು. ಮೋಸ ಎಂದು ಕಿತ್ತು ಹಾಕಲೇ?

ಅಂಜನಪ್ಪ

—

ಗುಲ್ಬರ್ಗ
19-6-1975

ಅಂಜನಪ್ಪ,

ಸಭೆಯಲ್ಲಿ ದೊಡ್ಡವರು ಬಹಳ ಮಾತಾಡಿದರು. ಪುಸ್ತಕ ಅಚ್ಚಾಗಬೇಕು, ಶಾಲೆ ಬೇಕು, ಓದಿದ ಹುಡುಗರು ಮುಂದೆ ಬರಬೇಕು ಎಂದರು. ಎಲ್ಲವೂ ನಿಜ. ನನ್ನ ಸರದಿ ಬಂದಾಗ, ನಮ್ಮ ಕಡೆಯ ಓದಿದ ಹುಡುಗನೊಬ್ಬ ಇದ್ದ ಎಂದು ಶುರು ಮಾಡಿದೆ. ಮುಂದಿನ ಹಾಳೆ ಕೈಯಲ್ಲೇ ಇತ್ತು. ಓದಲಿಲ್ಲ, ಕೂತುಬಿಟ್ಟೆ. ಆರೋಗ್ಯ ಸರಿಯಿಲ್ಲ ಎಂದುಕೊಂಡರು.

ಅವನು ನಾಗಪುರಕ್ಕೆ ನನ್ನ ಜೊತೆ ಬಂದಾಗ ರೈಲಿನಲ್ಲಿ ರಾತ್ರಿಯಿಡೀ ಒಂದೇ ಪ್ರಶ್ನೆ ಕೇಳಿದ. "ಅಪ್ಪನಿಗೆ ಏನಂತ ಹೇಳ್ಲಿ ಮೇಷ್ಟ್ರೆ?" ನಾನು ಸಮಾಧಾನದ ಮಾತು ಹೇಳಿದೆ. ನಿನ್ನ ಹತ್ತಿರ ಬಂದು ನಾನೇ ಹೇಳಬಹುದಿತ್ತು. ವಾಪಸು ಬರುವಾಗ ಚಿಕ್ಕಜಾಜೂರಿನಲ್ಲಿ ಗಾಡಿ ನಿಂತಾಗ ಅವನೊಬ್ಬನೇ ಇಳಿದ, ನಾನು ಇಳಿಯಲಿಲ್ಲ.

ಅಂಟು ಕಿತ್ತು ಹಾಕು, ಸುಳ್ಳಿನ ಮೇಲೆ ಧಮ್ಮ ನಿಲ್ಲುವುದಿಲ್ಲ ಎಂದು ಬರೆಯಲು ಕೂತೆ. ಬರೆದೆ. ಆ ಹಾಳೆ ಇಲ್ಲೇ ಇದೆ, ಕಳಿಸಿಲ್ಲ. ಯಾರೂ ಮಾತಾಡದೆ ಬಹಳ ಹೊತ್ತು ಕೂರುತ್ತಾರೆ ಎಂದು ಬರೆದಿದ್ದೆಯಲ್ಲ, ಅಲ್ಲಿಗೇ ಬಂದು ನಿಲ್ಲುತ್ತೇನೆ. ನಾನು ಇಲ್ಲಿ ವರ್ಷಗಟ್ಟಲೆ ಕಲಿಸಿದರೂ ಜನ ಹಾಗೆ ಕೂರುವುದಿಲ್ಲ.

ನನಗೆ ಗೊತ್ತಿಲ್ಲ, ಅಂಜನಪ್ಪ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಇದ್ದ ಜಾಗ ಬಿಡುವಂತಿಲ್ಲ. ಅದು ಮುಗಿದ ಮೇಲೆ, ನೀನು ಬೇಡ ಎನ್ನದಿದ್ದರೆ, ಚಿಕ್ಕಜಾಜೂರಿನಲ್ಲಿ ಇಳಿಯುತ್ತೇನೆ.

ತಿಮ್ಮರಾಯಪ್ಪ

—

ಚಿಕ್ಕಜಾಜೂರು
11-8-1975

ತಿಮ್ಮರಾಯಪ್ಪ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಈಗ ಇದೆ.

ಈ ಸಲ ಮಳೆ ಹಿಡಿದುಕೊಂಡಿದೆ. ಶುಕ್ರವಾರ ಗೂಡ್ಸ್ ಶೆಡ್ಡಿಗೆ ವ್ಯಾಗನ್ ಬರಲಿಲ್ಲ, ಕೆಲಸವಿಲ್ಲ. ಬುದ್ಧನ ಮನೆಯ ಹೆಂಚು ಸೋರುತ್ತಿದೆಯೇ ನೋಡೋಣ ಎಂದು ಮಧ್ಯಾಹ್ನ ಒಬ್ಬನೇ ಹೋದೆ. ಗೋಡೆಯ ಹಿಂದಕ್ಕಲ್ಲ, ಒಳಕ್ಕೆ. ಓಬಳೇಶ ಹೋದ ಮೇಲೆ, ಹಲಗೆ ಬಡಿದ ದಿನ, ಹೂವು ಕೇಳಿದ ದಿನ ಬಿಟ್ಟರೆ ನಾನು ಹೊಸಲು ದಾಟಿದ್ದು ಅದೇ ಮೊದಲು.

ಬಲಗಡೆಯ ಹೂವು ಬಿದ್ದಿತ್ತು.

ಒಣಗಿ ಹುಲ್ಲಿನಂತಾಗಿತ್ತು. ತೇವಕ್ಕೆ ಅಂಟು ಬಿಟ್ಟಿರಬೇಕು. ಬುದ್ಧನ ಮಡಿಲಿನಲ್ಲಿ, ಒಂದರ ಮೇಲೊಂದು ಇಟ್ಟ ಅಂಗೈಗಳ ಮೇಲೆ ಬಿದ್ದಿತ್ತು. ಎಡಗಡೆಯದು ಇದ್ದಲ್ಲೇ ಇತ್ತು.

ನಾನು ಗೆದ್ದಿದ್ದೆ. ಹೊರಗೆ ಬಂದು ಒಂದು ಕೂಗು ಹಾಕಿದರೆ ಸಾಕಿತ್ತು. ಕಾಟಲಿಂಗಪ್ಪನೇ ಕಾಯಿ ಒಡೆದು, ಹೌದು ಅಂದವ್ನೆ ಎಂದು ಸಾರುತ್ತಿದ್ದ. ಮನೆ ಬುದ್ಧನದಾಗುತ್ತಿತ್ತು, ಮುದ್ದಕ್ಕನ ಜಾಗ ಅವಳಿಗೇ ಉಳಿಯುತ್ತಿತ್ತು. ಏಪ್ರಿಲಿನಲ್ಲಿ ನಾನು ಹಲಗೆ ಬಡಿದು ಕಾದದ್ದು ಇದಕ್ಕೇ. ಹೂವು ಕೈಯಲ್ಲಿ ಹಿಡಿದು ಬಾಗಿಲವರೆಗೆ ಬಂದೆ. ಖುಷಿಯಾಗುತ್ತದೇನೋ ಎಂದು ನೋಡಿದೆ. ಆಗಲಿಲ್ಲ. ಖುಷಿಯಾಗದಿದ್ದರೆ ಮನುಷ್ಯನಿಗೆ ಯೋಚನೆ ಸರಿಯಾಗಿ ಬರುತ್ತದೆ.

ನಮ್ಮ ಹುಡುಗತನದಲ್ಲಿ ಬಾವಿ ತೋಡಬೇಕೇ ಎಂದು ಕೇರಿಯವರು ಮಾರಮ್ಮನನ್ನು ಕೇಳಿದರಲ್ಲ. ಅಮ್ಮ ಬಲಗಡೆಯ ಹೂವು ಕೊಟ್ಟಳು. ಆಮೇಲೆ ಇನ್ನೊಂದು ಕಷ್ಟ ಬರುವ ತನಕ ಅವಳ ಗುಡಿಗೆ ಯಾರು ಹೋದರು? ನಾಯಿ ಮಲಗುತ್ತಿತ್ತು. ಹೌದು ಅಂದ ದೇವರ ಕೆಲಸ ಮುಗಿಯಿತು. ಈ ಬುದ್ಧ ಹೌದು ಎಂದರೆ ಭಾನುವಾರ ಜೈಕಾರ ಹಾಕುತ್ತಾರೆ. ಅದರ ಮುಂದಿನ ಭಾನುವಾರ ಅರ್ಧ ಜನ. ಆಮೇಲೆ ಮತ್ತೆ ಮುದ್ದಕ್ಕ ಒಬ್ಬಳು, ಗೋಡೆಯ ಹಿಂದೆ ನಾನೊಬ್ಬ. ಅವಳು ಎರಡು ಹೂವಿಗೂ ಅಂಟು ಏಕೆ ಹಚ್ಚಿದಳು ಎಂಬುದು ಅಲ್ಲಿ, ಆ ಬಾಗಿಲಲ್ಲಿ, ನನ್ನ ಲೆಕ್ಕಕ್ಕೆ ಹತ್ತಿತು. ಇಲ್ಲದಿದ್ದರೆ ಅವಳಿಗೂ ಯೋಚನೆಯಿಲ್ಲದೆ ಆದದ್ದೋ ಏನೋ. ಕೇಳಿದರೆ ಹೇಳುವವಳಲ್ಲ.

ಮನೆಗೆ ಹೋದೆ. ಅವಳು ಹಿತ್ತಲಲ್ಲಿದ್ದಳು. ಕರಟ ತೆಗೆದುಕೊಂಡೆ. ಅಂಟು ನೆನೆದೇ ಇತ್ತು. ಏಪ್ರಿಲಿನದಲ್ಲ, ಹೊಸತು. ಟವಲಿನಲ್ಲಿ ಮುಚ್ಚಿಕೊಂಡು ಮಳೆಯಲ್ಲೇ ಹಿಂದಕ್ಕೆ ಬಂದು, ಬುದ್ಧನ ಹೆಗಲನ್ನು ಅಂಗಿಯಿಂದ ಒರೆಸಿ, ಹೂವನ್ನು ಇದ್ದಲ್ಲೇ ಅಂಟಿಸಿದೆ. ವ್ಯಾಗನ್ನಿಗೆ ಚೀಟಿ ಅಂಟಿಸಿದ ಹೆಬ್ಬೆರಳು ಇದು, ಎಷ್ಟು ಹೊತ್ತು ಒತ್ತಿ ಹಿಡಿಯಬೇಕೆಂದು ಅದಕ್ಕೆ ಗೊತ್ತು. ಅಷ್ಟು ಹತ್ತಿರದಿಂದ ನಾನು ಆ ಮುಖ ನೋಡಿದ್ದೇ ಇಲ್ಲ. ಗಾರೆಯವನು ಒಂದು ಕಣ್ಣನ್ನು ಇನ್ನೊಂದಕ್ಕಿಂತ ಸ್ವಲ್ಪ ಕೆಳಗೆ ಮಾಡಿದ್ದಾನೆ. ಓಬಳೇಶ ಇದಕ್ಕಾಗಿ ಅವನ ಜೊತೆ ಜಗಳವಾಡಿದ್ದ.

ಹಿಂದೆ ಸದ್ದಾಯಿತು. ಮುದ್ದಕ್ಕ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಗೋಣಿಚೀಲದ ಗೊಪ್ಪೆ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕರಟ ನನ್ನ ಕೈಯಲ್ಲಿತ್ತು.

ಅವಳು ಒಳಗೆ ಬಂದು ತಲೆ ವಾರೆ ಮಾಡಿ ಬುದ್ಧನ ಹೆಗಲು ನೋಡಿದಳು.

"ಸೊಟ್ಟಕ್ಕೈತೆ" ಎಂದಳು. "ನೆಟ್ಟಗಿಡ್ರಿ."

ನೆಟ್ಟಗಿಟ್ಟೆ.

ಆಮೇಲೆ ಅವಳು ಕಸಬರಿಕೆ ತೆಗೆದುಕೊಂಡು, ನಾನು ಕಾಲಿನಲ್ಲಿ ತಂದಿದ್ದ ಕೆಸರನ್ನು ಗುಡಿಸಿದಳು. ಮತ್ತೆ ಮಾತಾಡಲಿಲ್ಲ. ಇಬ್ಬರೂ ಮಳೆ ನಿಲ್ಲುವ ತನಕ ಕೂತಿದ್ದು ಮನೆಗೆ ಬಂದೆವು. ಶನಿವಾರವೂ ಮಾತಿಲ್ಲ, ಭಾನುವಾರ ಎಂದಿನಂತೆ ಅಲ್ಲಿ ಮಾತ್ರ. ಇವತ್ತು ಬೆಳಿಗ್ಗೆ ತಟ್ಟೆಗೆ ಸಾರು ಬಿಟ್ಟು ಕಣ್ಣಲ್ಲೇ ಕೇಳಿದಳು. ನಾನು ಸಾಕು ಎಂದೆ.

ಎಡಗಡೆಯ ಹೂವೂ ಸಡಿಲವಾಗಿದೆ. ಭಾನುವಾರದೊಳಗೆ ನೋಡಬೇಕು. ಮಳೆಗಾಲ ಮುಗಿಸಿಕೊಂಡು ಬಾ. ಬೆಳಗಿನ ಗಾಡಿಗೆ ಬಂದರೆ ಸ್ಟೇಷನ್ನಿನಲ್ಲಿ ನಾನೇ ಇರುತ್ತೇನೆ.

ಅಂಜನಪ್ಪ